ಮೂಗಿನೊಳಗಿನ ಮುತ್ತು

ಈಗಿನ ಹುಡುಗಿಯರಿಗೆ ರವಿಕೆಯ ಬೆನ್ನಿಗೆ ಮುತ್ತು ಕಟ್ಟಿಸಿಕೊಳ್ಳುವ ಶೋಕಿ. ಅಳತೆ ಕೊಡಲು ಬಂದವರು "ಆಂಟಿ, ಹಿಂದೆ ಎರಡು ಸಾಲು ಮುತ್ತು ಇರಲಿ" ಅಂದರೆ ನಾನು ಬಾಯಿ ತೆರೆಯದೆ ತಲೆಯಾಡಿಸುತ್ತೇನೆ. ಚೀಟಿಯಲ್ಲಿ ಬರೆದುಕೊಳ್ಳುವಾಗಲೂ 'ಮಣಿ' ಎಂದೇ ಬರೆಯುತ್ತೇನೆ. ಬಾಯಿಗೆ ಬೀಗ ಹಾಕಿಕೊಳ್ಳುವ ಹೆಂಗಸು ನಾನಲ್ಲ. ನಲ್ಲಿಯ ಹತ್ತಿರ ಜಗಳವಾದರೆ ಮೂರು ಭಾಷೆಯಲ್ಲಿ ಉತ್ತರ ಕೊಡುವವಳು. ಆದರೆ ಮುತ್ತು ಎಂಬ ಈ ಒಂದು ಮಾತನ್ನು ಮಾತ್ರ ಆಡಲಾರೆ. ಅದರಿಂದ ನನ್ನ ಅತ್ತೆಯ ಕಣ್ಣು ಹೋಗುವುದರಲ್ಲಿತ್ತು, ಜೀವವೂ ಹೋಗಬಹುದಿತ್ತು. ಅದಕ್ಕೆ ಕಾರಣ ನಾನು.

ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಮುಂದೆ ಮಿಷನ್ ಹಾಕಿಕೊಂಡು ಹೊಲಿಯುವುದು ನನ್ನ ಕೆಲಸ. ಮನೆ ಊರಿಗಾಂನ ಕೂಲಿಗಾರರ ಲೈನಿನಲ್ಲಿ, ಅಪ್ಪ ಚಿನ್ನದ ಗಣಿಯಲ್ಲಿದ್ದಾಗ ಸಿಕ್ಕಿದ್ದು. ಹುಟ್ಟಿ ಬೆಳೆದದ್ದು, ಮದುವೆಯಾದ ಮೇಲೆ ಗಂಡನನ್ನು ಕರೆತಂದು ಇರಿಸಿಕೊಂಡದ್ದು ಎಲ್ಲ ಅಲ್ಲೇ. ಅವರು ಬೆಳಗಿನ ರೈಲಿಗೆ ಬೆಂಗಳೂರಿಗೆ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾರೆ. ಅತ್ತೆ ಇರುವುದು ಬಂಗಾರಪೇಟೆ ದಾಟಿ ಒಳಕ್ಕೆ ಹೋದರೆ ಸಿಗುವ ಹಳ್ಳಿಯಲ್ಲಿ, ನನ್ನ ಮೈದುನ ಮತ್ತು ಓರಗಿತ್ತಿಯ ಜೊತೆ. ಆಗ ಓರಗಿತ್ತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮೈದುನ ಮನೆಗಳ ತಾರಸಿಗೆ ಮೋಲ್ಡ್ ಹಾಕುವ ಗುಂಪಿನಲ್ಲಿ ಕೂಲಿಗೆ ಹೋಗುತ್ತಿದ್ದ. ಅತ್ತೆಗೆ ಹನ್ನೊಂದು ಕುರಿ, ಒಂದು ನಶ್ಯದ ಡಬ್ಬಿ. ಕುರಿ ಮೇಯಲು ಬಿಟ್ಟು ಮಧ್ಯಾಹ್ನ ಹೊಂಗೆಯ ನೆರಳಲ್ಲಿ ಸೆರಗು ಹಾಸಿಕೊಂಡು ಒಂದು ನಿದ್ದೆ ತೆಗೆಯುವುದು ಅವರ ಪದ್ಧತಿ. ಯಾರಿಗೂ ತೊಂದರೆ ಕೊಡುವವರಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ನಮಗೇ ಗೊತ್ತಾದದ್ದು ಎಲ್ಲ ಆದ ಮೇಲೆ.

ಒಂದು ಗುರುವಾರ ಹತ್ತೂವರೆ ಹೊತ್ತಿಗೆ ಅವರ ಫೋನ್ ಬಂತು. ಮದುವೆಗಳ ಕಾಲ. ಒಂಬತ್ತು ರವಿಕೆ ಮಾರನೆಯ ದಿನಕ್ಕೆ ಕೊಡಬೇಕಿತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮಿಷನ್ ತುಳಿಯುತ್ತಲೇ ಮಾತಾಡಿದೆ. ಯಾರು ಮಾಡಿದರೂ ನನ್ನ ರೂಢಿ ಅದೇ.

"ಕೆಲ್ಸದಾಗಿದ್ದೀಯೇನಮ್ಮ?" ಅಂದರು.

"ಊ ಅತ್ತೆ. ಏನ್ ಸಮಾಚಾರ?"

"ಏನಿಲ್ಲ ಕಣಮ್ಮ. ಮೂಗ್ನಾಗೆ ಮುತ್ತು ಬಿದ್ದವೆ ಅನ್ಸುತ್ತೆ. ಎಲ್ಡು ದಿನದಿಂದ ತಲೆ ಸಿಡೀತೈತೆ. ಮೈ ಬೆಚ್ಚಗೈತೆ."

'ಮೂಗ್ನಾಗೆ' ಅಂದದ್ದು ನನಗೆ 'ಮೂಗ್ನಮ್ಯಾಗೆ' ಎಂದು ಕೇಳಿತೋ, ಅಥವಾ ಕೇಳಿದರೂ ನಾನು ಹಾಗೆ ಅಂದುಕೊಂಡೆನೋ, ಇವತ್ತಿಗೂ ಹೇಳಲಾರೆ. 'ಮುತ್ತು' ಎಂಬುದು ಮಾತ್ರ ಚೆನ್ನಾಗಿ ಕೇಳಿತು. ನಮ್ಮ ಲೈನಿನಲ್ಲಿ ಹತ್ತು ಮನೆಯಲ್ಲಿ ಎಂಟು ತಮಿಳರ ಮನೆ. ಮಕ್ಕಳಿಗೆ ಮೈಮೇಲೆ ಗುಳ್ಳೆ ಎದ್ದರೆ ಯಾರೂ ರೋಗ ಅನ್ನುವುದಿಲ್ಲ. 'ಮುತ್ತು ಪೋಟಿರುಕ್ಕು' ಅನ್ನುತ್ತಾರೆ, ಮಾರಿಯಮ್ಮ ಮುತ್ತು ಹಾಕಿದ್ದಾಳೆ ಎಂದು ಅರ್ಥ. ನಾವು ಕನ್ನಡದವರೂ ಅಲ್ಲೇ ಬೆಳೆದು ಅದನ್ನೇ ಕಲಿತೆವು. ಜ್ವರ ಇದೆ, ತಲೆನೋವಿದೆ, ಮುತ್ತು ಇದೆ. ಇನ್ನೇನು, ಅಮ್ಮ ಬಂದಿದ್ದಾಳೆ. ಆ ವಯಸ್ಸಿಗೆ ಬರುತ್ತದೆಯೇ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಆದರೆ ಎಲ್ಲ ಗೊತ್ತು ಅನ್ನುವ ನನ್ನ ಬುದ್ಧಿ ಇದೆಯಲ್ಲ, ಅದು ಸುಮ್ಮನಿರಬೇಕಲ್ಲ.

"ಅತ್ತೆ, ನೀವು ಈಚೆಗೆ ಬರ್ಲೇಬ್ಯಾಡಿ," ಅಂದೆ. "ಬಾಗ್ಲಿಗೆ ಬೇವಿನ ಸೊಪ್ಪು ಸಿಗಿಸ್ಕೊಳ್ಳಿ. ಆಸ್ಗೆ ಮ್ಯಾಲೂ ಬೇವಿನ ಸೊಪ್ಪು ಆಕ್ಕೊಳ್ಳಿ. ಅರ್ದು ಅಚ್ಕೊಳ್ಳಿ. ಆಸ್ಪತ್ರೆ, ಸೂಜಿ, ಮಾತ್ರೆ ಏನೂ ಬ್ಯಾಡ. ಯಾರ್ಗೂ ಯೋಳ್ಬ್ಯಾಡಿ. ಐದ್ನೇ ದಿನ ನಾನೇ ಬಂದು ನೀರಾಕ್ತೀನಿ."

ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೇವು ಅಚ್ಕೊಂಡೀನಿ ಕಣಮ್ಮ. ನಿಮ್ಮಾವನೂ ಬೇವೇ ಅಚ್ತಿತ್ತು," ಅಂದರು. ತೀರಿಹೋದ ಮಾವನವರು ಯಾವತ್ತು ಯಾರಿಗೆ ಬೇವು ಹಚ್ಚಿದ್ದರು ಎಂದು ಕೇಳುವಷ್ಟು ಪುರಸೊತ್ತು ನನಗಿರಲಿಲ್ಲ. "ಆಯ್ತತ್ತೆ" ಅಂದು ಫೋನ್ ಇಟ್ಟೆ.

ಸಾಲದು ಎಂದು ಮೈದುನನಿಗೂ ಫೋನ್ ಮಾಡಿ ಹುಕುಂ ಹೊರಡಿಸಿದೆ. ಅವನಿಗೆ ಇನ್ನೂ ಒಂದು ಸಲವೂ ಗುಳ್ಳೆ ಎದ್ದಿರಲಿಲ್ಲ, ತವರಲ್ಲಿದ್ದ ಹೆಂಡತಿಯ ಮಡಿಲಲ್ಲಿ ಹಸುಗೂಸು ಬೇರೆ. "ನೀನು ಒಳಕ್ಕೆ ಓಗ್ಬ್ಯಾಡ, ಜಗ್ಲಿ ಮ್ಯಾಲೆ ಮಲಿಕ್ಕೋ. ಅಂಬ್ಲಿ ಮಾಡಿ ಹೊಸ್ಲತ್ರ ಇಡು. ಕಿಟ್ಕಿ ಮುಚ್ಚು, ಬೆಳಕು ಬೀಳ್ಬಾರ್ದು." ಪಾಪ, ಅವನು ಅತ್ತಿಗೆಯ ಮಾತು ಮೀರುವವನಲ್ಲ. ಕುರಿಗಳನ್ನು ಪಕ್ಕದ ಮನೆಯವರ ಮಂದೆಗೆ ಸೇರಿಸಿ, ನಾನು ಹೇಳಿದ್ದನ್ನೆಲ್ಲ ಮಾಡಿದ.

ಶುಕ್ರವಾರ ಫೋನ್ ಮಾಡಿ "ಮುತ್ತು ಎಂಗಿವೆ ಅತ್ತೆ?" ಅಂದೆ. "ಜಾಸ್ತಿ ಆಗವೆ ಕಣಮ್ಮ" ಅಂದರು. ಅಮ್ಮ ಏರುವ ಕಾಲ, ಏರಲಿ ಅಂದುಕೊಂಡೆ. ಶನಿವಾರ "ಇವತ್ತು ಎಲ್ಡು ಉದುರಿದ್ವು" ಅಂದರು. ನನಗೆ ಸಂತೋಷವಾಯಿತು. "ಉದುರಿದ್ರೆ ಒಳ್ಳೇದೇ ಅಲ್ವಾ ಅತ್ತೆ, ಅಮ್ಮ ಇಳೀತಾವ್ಳೆ" ಅಂದೆ. "ಊ, ಉದುರ್ಬೇಕು" ಅಂದರು. ಇಬ್ಬರೂ ಒಂದೇ ಮಾತು ಆಡುತ್ತಿದ್ದೆವು, ಒಬ್ಬರಿಗೊಬ್ಬರು ಒಪ್ಪುತ್ತಲೂ ಇದ್ದೆವು. ಭಾನುವಾರ ಅವರ ದನಿ ಕೊಳವೆಯೊಳಗಿಂದ ಬಂದ ಹಾಗೆ ಇತ್ತು. ಮಾತು ಎರಡಕ್ಕಿಂತ ಹೆಚ್ಚು ಆಡಲಿಲ್ಲ. ಆವಾಗ ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಅನ್ನಿಸಿದ್ದನ್ನು ಪಕ್ಕಕ್ಕಿಟ್ಟು, ಕೊಕ್ಕೆ ಹಾಕುವುದಿದ್ದ ರವಿಕೆಗಳನ್ನು ಮುಗಿಸಿದೆ.

ಸೋಮವಾರ ಬೆಳಗ್ಗೆ ಎದ್ದು ಮಡಿಯಲ್ಲಿ ಮೊಸರನ್ನ ಕಲಸಿ ಸ್ಟೀಲ್ ಡಬ್ಬಿಗೆ ಹಾಕಿಕೊಂಡೆ. ಅರಿಶಿನ, ಬೇವು, ಹೊಸ ಟವಲು ಚೀಲಕ್ಕೆ ತುಂಬಿಕೊಂಡು ಬಂಗಾರಪೇಟೆಗೆ ಬಸ್ ಹತ್ತಿದೆ. ಅಲ್ಲಿಂದ ಶೇರ್ ಆಟೋ. ದಾರಿಯುದ್ದಕ್ಕೂ ಮಾರಿಯಮ್ಮನಿಗೆ ಹೇಳಿಕೊಂಡೆ, ನಿನ್ನ ಮುತ್ತು ನೀನು ತೆಗೆದುಕೊಂಡು ತಂಪಾಗಿ ಹೋಗಮ್ಮ ಎಂದು.

ಬಾಗಿಲಿನ ಬೇವು ಬಾಡಿತ್ತು. ಹೊಸಲಿನ ಹತ್ತಿರ ಅಂಬಲಿಯ ತಟ್ಟೆ ಹಾಗೇ ಇತ್ತು, ಮೇಲೆ ನೊಣ. ಒಳಗೆ ಕಾಲಿಟ್ಟೆ. ಮೊದಲು ಬಂದದ್ದು ವಾಸನೆ. ಇಲಿ ಎಲ್ಲೋ ಸತ್ತಿದೆ ಅಂದುಕೊಂಡೆ. ಕಿಟಕಿ ತೆಗೆದು ನೋಡಿದರೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮುಖದ ಬಲಭಾಗ ಊದಿ, ಕಣ್ಣಿನ ರೆಪ್ಪೆ ಗೀರಿನಷ್ಟು ಮಾತ್ರ ತೆರೆದಿತ್ತು. ಮೂಗಿಗೆ ಒತ್ತಿಕೊಂಡ ಬಟ್ಟೆ ರಕ್ತವಾಗಿತ್ತು. ಕೈ ನೋಡಿದೆ, ಕತ್ತು ನೋಡಿದೆ, ಬೆನ್ನ ಮೇಲಿನ ಸೆರಗು ಸರಿಸಿ ನೋಡಿದೆ. ಮೈಮೇಲೆ ಒಂದು ಗುಳ್ಳೆಯೂ ಇಲ್ಲ.

"ಎಲ್ಲಿ ಅತ್ತೆ ಮುತ್ತು?" ಅಂದೆ.

"ಮೂಗೊಳ್ಗೆ ಅಂದ್ನಲ್ಲಮ್ಮ," ಅಂದು ಬಟ್ಟೆ ತೆಗೆದು ತಲೆ ಹಿಂದಕ್ಕೆ ಮಾಡಿದರು.

ಫೋನಿನ ಟಾರ್ಚ್ ಹಾಕಿದೆ. ಒಳಗೆ ಬೆಳ್ಳಗೆ, ಒತ್ತೊತ್ತಾಗಿ, ಅನ್ನದ ಅಗುಳಿನಂಥವು. ಬೆಳಕು ಬಿದ್ದ ಕೂಡಲೇ ಅವು ಒಟ್ಟಿಗೆ ಒಳಕ್ಕೆ ಸರಿದವು.

"ಹುಳ ಅಲ್ವಾ ಅತ್ತೆ ಇದು," ಅಂದೆ.

ಅವರು ಅಷ್ಟು ನೋವಿನಲ್ಲೂ ಕೈ ಚಾಚಿ ನನ್ನ ಬಾಯಿ ಮುಚ್ಚಿದರು. "ಅದ್ರ ಹೆಸ್ರು ಹಿಡೀಬ್ಯಾಡ. ಹೆಸ್ರು ಹಿಡುದ್ರೆ ಒಂದು ಹತ್ತಾಗ್ತವೆ."

ಆಗ ತಿಳಿಯಿತು. ಕುರಿಯ ಗಾಯಕ್ಕೆ ಹುಳ ಬಿದ್ದರೆ ಅವರ ಮನೆಯಲ್ಲಿ ಯಾರೂ ಹುಳ ಎನ್ನುತ್ತಿರಲಿಲ್ಲ. ಮಾವನವರು 'ಮುತ್ತು ಬಿದ್ದವೆ' ಅನ್ನುತ್ತಿದ್ದರಂತೆ, ಬೇವು ಅರೆದು ಗಾಯಕ್ಕೆ ತುಂಬುತ್ತಿದ್ದರಂತೆ. ಹೆಸರು ಹಿಡಿದು ಕರೆದರೆ ಹುಳಕ್ಕೆ ಕೇಳಿಸುತ್ತದೆ, ಬಳಗವನ್ನೆಲ್ಲ ಕರೆದುಕೊಂಡು ಬರುತ್ತದೆ ಎಂದು ಅವರ ನಂಬಿಕೆ. ನಾನು ಆ ಮನೆಗೆ ಸೊಸೆಯಾಗಿ ಹದಿನೇಳು ವರ್ಷವಾಗಿತ್ತು, ಕುರಿಯ ಹಟ್ಟಿಗೆ ಒಂದು ದಿನ ಕಾಲಿಟ್ಟವಳಲ್ಲ. ವಾಸನೆ ಅಂತ ಮೂಗು ಮುಚ್ಚಿಕೊಂಡು ಹೊರಗಿಂದಲೇ ಬಂದುಬಿಡುತ್ತಿದ್ದೆ.

"ಮತ್ತೆ ಆಸ್ಪತ್ರೆಗ್ಯಾಕೆ ಓಗ್ಲಿಲ್ಲ ಅತ್ತೆ," ಅಂದೆ. ಕೇಳಬಾರದಾಗಿತ್ತು.

"ನೀನೇ ಅಂದ್ಯಲ್ಲಮ್ಮ ಬ್ಯಾಡಾಂತ," ಅಂದರು. ಸಿಟ್ಟಿಲ್ಲ, ಏನಿಲ್ಲ. "ಪ್ಯಾಟೆಯಾಗಿರೋಳು, ನಿಂಗೆ ಗೊತ್ತಿರ್ತೈತೆ ಅಂದ್ಕಂಡೆ."

ಮೊಸರನ್ನದ ಡಬ್ಬಿ ಅಲ್ಲೇ ಬಿಟ್ಟು, ಅವರನ್ನು ತಬ್ಬಿ ಎಬ್ಬಿಸಿ, ನಾನು ಬಂದಿದ್ದ ಆಟೋದವರನ್ನೇ ಕೂಗಿ ಕರೆದೆ. ಬಂಗಾರಪೇಟೆಯ ಆಸ್ಪತ್ರೆಯಲ್ಲಿ ನೋಡಿದವರು ಇಲ್ಲಿ ಆಗುವುದಿಲ್ಲ, ಮೂಗು ಗಂಟಲಿನ ಡಾಕ್ಟರ್ ಇರುವ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಆಂಬ್ಯುಲೆನ್ಸ್ ಹತ್ತಿಸಿದರು. ದಾರಿಯಲ್ಲಿ ಅತ್ತೆ ಬಲಗಣ್ಣಿನ ಕೆಳಗೆ ಬೆರಳು ಒತ್ತಿಕೊಂಡೇ ಇದ್ದರು. ಹುಳ ಮೂಗಿನಿಂದ ಕಣ್ಣಿಗೆ ಎಷ್ಟು ದೂರ, ಅಲ್ಲಿಂದ ಮಿದುಳಿಗೆ ಎಷ್ಟು ದೂರ ಎಂದು ಲೆಕ್ಕ ಹಾಕುತ್ತಾ ನಾನು ಅವರ ಮುಖವನ್ನೇ ನೋಡುತ್ತಿದ್ದೆ. ದಿನಾ ರವಿಕೆಗೆ ಇಂಚು ಅಳೆಯುವವಳಿಗೆ ಆ ದೂರ ಬಹಳ ಕಡಿಮೆ ಅಂತ ಗೊತ್ತಾಗುತ್ತಿತ್ತು.

ಅಲ್ಲಿಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಮೂಗಿಗೆ ಬೆಳಕು ಬಿಟ್ಟು ನೋಡಿ, "ಎಷ್ಟು ದಿನ ಆಯ್ತು?" ಅಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಹೇಳಿದರು. "ಏಳು ದಿನ ಆಯ್ತು ತಾಯಿ. ಸೊಸೆ ಆಸ್ಪತ್ರೆ ಬ್ಯಾಡ, ಬೇವು ಅಚ್ಕೋ ಅಂದ್ಳು. ಅಚ್ಕೊಂಡಿದ್ದೆ."

ಡಾಕ್ಟರಮ್ಮ ಒಂದು ಸಲ ನನ್ನ ಕಡೆ ನೋಡಿದರು, ಬರೆಯಲು ಶುರುಮಾಡಿದರು. ಬೈದಿದ್ದರೆ ಚೆನ್ನಾಗಿತ್ತು. ನನ್ನ ಅಮ್ಮ ಹೇಳುತ್ತಿದ್ದ ಒಂದು ಗಾದೆ, ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು. ಅವತ್ತು ಆ ಗಾದೆ ಬೇಡ ಬೇಡವೆಂದರೂ ತಲೆಯೊಳಗೆ ಸುತ್ತುತ್ತಿತ್ತು.

ಆಮೇಲೆ ಅವರು ಸಮಾಧಾನವಾಗಿಯೇ ವಿವರಿಸಿದರು. ನಶ್ಯ ಏರಿಸಿ ಏರಿಸಿ ಅತ್ತೆಯ ಮೂಗಿನೊಳಗೆ ಹೆಕ್ಕಳೆ ಕಟ್ಟಿ ಗಾಯವಾಗಿತ್ತು. ಸಕ್ಕರೆ ಕಾಯಿಲೆ ಇದ್ದದ್ದರಿಂದ ಅದು ಮಾಯಲಿಲ್ಲ. ಅವರಿಗೆ ವಾಸನೆ ತಿಳಿಯುವುದು ನಿಂತು ಎಷ್ಟೋ ಕಾಲವಾಗಿತ್ತು. ಆದರೆ ನೊಣಕ್ಕೆ ತಿಳಿಯುತ್ತದೆ. ಹಗಲು ಹೊತ್ತು ಬಯಲಲ್ಲಿ ಮಲಗಿದ್ದಾಗ ಬಂದು ಮೊಟ್ಟೆಯಿಟ್ಟಿದೆ. ಒಂದು ದಿನದೊಳಗೆ ಮರಿ. ಆ ಮರಿಗಳು ಮಾಂಸ ತಿನ್ನುತ್ತಾ ಒಳಕ್ಕೆ ಹೋಗುತ್ತವೆ. ಪಾಪ ಮಾಡಿದವರಿಗೆ ಬರುತ್ತದೆ, ಶಾಪದಿಂದ ಬರುತ್ತದೆ ಅನ್ನುವುದೆಲ್ಲ ಸುಳ್ಳು ಅಂದರು. ನಮ್ಮ ನಲ್ಲಿಯ ಹತ್ತಿರ ಜಗಳ ಕೊನೆಮುಟ್ಟಿದರೆ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರುವ ಶಾಪ ಒಂದೇ, ಹುಳ ಬಿದ್ದು ಸಾಯಿ ಎಂದು. ನಾನೂ ಎಷ್ಟೋ ಸಲ ಅಂದಿದ್ದೇನೆ.

ಮೂಗಿಗೆ ಟರ್ಪೆಂಟೈನ್ ಎಣ್ಣೆಯ ಹನಿ ಬಿಟ್ಟರು. ಅದು ನನ್ನ ಗಂಡನ ಅಂಗಿಯಲ್ಲಿ ದಿನಾ ಬರುವ ಬಣ್ಣದೆಣ್ಣೆಯ ವಾಸನೆ. ಅದರ ಘಾಟಿಗೆ ಹುಳ ಈಚೆಗೆ ಬರುತ್ತದೆ, ಬಂದದ್ದನ್ನು ಚಿಮಟದಲ್ಲಿ ಹಿಡಿದು ತೆಗೆಯುತ್ತಾರೆ. ಮನೆಯಲ್ಲಿ ನಾವೇ ಸುರಿಯಬಾರದು, ಶ್ವಾಸಕ್ಕೆ ಇಳಿದರೆ ಅಪಾಯ ಎಂದು ಮೊದಲೇ ಎಚ್ಚರಿಸಿದರು. ಒಳಕ್ಕೆ ನುಂಗಲು ಐವರ್‌ಮೆಕ್ಟಿನ್ ಮಾತ್ರೆ ಕೊಟ್ಟರು. ಸಂಜೆ ಬಂದ ಮೈದುನ ಮಾತ್ರೆಯ ಹೆಸರು ಓದಿ, "ಅತ್ಗೆ, ಇದು ಕುರಿಗೆ ಆಕ್ಸೋ ಔಷ್ದಿ ಅಲ್ವಾ" ಅಂದು ಗಾಬರಿಯಾದ. ಮನುಷ್ಯರಿಗೂ ಕೊಡುತ್ತಾರೆ, ಅಳತೆ ಬೇರೆ ಎಂದು ನರ್ಸಮ್ಮ ಸಮಾಧಾನ ಮಾಡಿದರು. ತಟ್ಟೆ ಹಿಡಿದುಕೊಂಡು ನಿಂತವಳು ನಾನೇ. ಒಂದೊಂದಾಗಿ ತಟ್ಟೆಗೆ ಬಿದ್ದವು ಮಿಸುಕಾಡುತ್ತಿದ್ದವು. ಆಚೆ ಮಂಚದವರು ತಮ್ಮ ಮಂಚವನ್ನು ಗೋಡೆಯ ಕಡೆಗೆ ಎಳೆದುಕೊಂಡರು. ಅವರ ಮೇಲೆ ಏರಿ ಹೋಗಬೇಕೆನ್ನಿಸಿತು. ಆದರೆ ಹದಿನೇಳು ವರ್ಷ ಕುರಿ ಹಟ್ಟಿಗೆ ಮೂಗು ಮುಚ್ಚಿಕೊಂಡವಳಿಗೆ ಯಾವ ಬಾಯಿ.

ಮೂರು ದಿನ ಹೀಗೇ ನಡೆಯಿತು. ಜ್ವರ ಬಿಟ್ಟಿತು, ಊತ ಅರ್ಧ ಇಳಿಯಿತು. ಮೂರನೆಯ ದಿನ ಕೊಳವೆಯಂಥ ಕ್ಯಾಮೆರಾ ಹಾಕಿ ನೋಡಿ, ಮೂಗೊಳಗೆ ಏನೂ ಕಾಣುತ್ತಿಲ್ಲ, ನಾಳೆ ಮನೆಗೆ ಕಳಿಸಬಹುದು ಅಂದರು. ಮೊದಲ ದಿನದಿಂದಲೂ ಡಾಕ್ಟರಮ್ಮ ಬಂದಾಗಲೆಲ್ಲ ಕೇಳುತ್ತಿದ್ದರು, "ಅಜ್ಜಿ, ಒಳಗೆ ಹುಳ ಓಡಾಡಿದ ಹಾಗೆ ಅನ್ಸುತ್ತಾ?" ಎಂದು. ಅತ್ತೆ ಪ್ರತಿ ಸಲವೂ ತುಟಿ ಬಿಗಿದುಕೊಂಡು ಇಲ್ಲ ಎನ್ನುವಂತೆ ತಲೆ ಆಡಿಸುತ್ತಿದ್ದರು. ಆ ದಿನವೂ ಹಾಗೇ ಆಡಿಸಿದರು. ಡಾಕ್ಟರಮ್ಮ ಚೀಟಿಯಲ್ಲಿ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು.

ನನಗೆ ಮನಸ್ಸು ತಡೆಯಲಿಲ್ಲ. ಅವರ ತಲೆ ಇಲ್ಲ ಅನ್ನುತ್ತಿದ್ದರೂ ಬೆರಳು ಮಾತ್ರ ಕಣ್ಣಿನ ಕೆಳಗೇ ಒತ್ತಿಕೊಂಡಿತ್ತು. ಅವರು ಇಲ್ಲ ಅನ್ನುತ್ತಿದ್ದದ್ದು ಹುಳಕ್ಕಲ್ಲ, ಆ ಮಾತಿಗೆ ಎಂದು ನನಗೆ ಹೊಳೆಯಿತು. ಹತ್ತಿರ ಹೋಗಿ ಬಗ್ಗಿ, ಕಿವಿಯಲ್ಲಿ ಕೇಳಿದೆ.

"ಅತ್ತೆ, ಮುತ್ತು ಇನ್ನೂ ಅವಾ?"

"ಅವೆ ಕಣಮ್ಮ," ಅಂದರು ತಕ್ಷಣ. "ಕಣ್ ಕೆಳ್ಗೆ ಕೊರೀತವೆ. ಒಂದಲ್ಲ."

ಓಡಿದೆ. ವಾರ್ಡಿನ ಮಧ್ಯದಲ್ಲಿ ಡಾಕ್ಟರಮ್ಮನ ಕೋಟಿನ ತೋಳು ಹಿಡಿದುಕೊಂಡು, ಕುರಿ, ಮಾವನವರು, ಮಾರಿಯಮ್ಮ, ಮುತ್ತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ನನ್ನ ಹುಚ್ಚಾಟವೆಂದು ನಗುತ್ತಾರೋ ಎಂಬ ಭಯ ಇತ್ತು. ಅವರು ನಗಲಿಲ್ಲ. ಹೋಗಿ ಅತ್ತೆಯ ಪಕ್ಕ ಕೂತು, ಕೆನ್ನೆಯ ಮೇಲೆ ಬೆರಳಿಟ್ಟು, ನನ್ನ ಹಾಗೆಯೇ ಮೆಲ್ಲಗೆ ಕೇಳಿದರು. "ಮುತ್ತು ಇಲ್ಲಿದಾವಾ ಅಜ್ಜಿ?" ಅತ್ತೆ ಅವರ ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ಸರಿಸಿ ಒತ್ತಿದರು.

ಸ್ಕ್ಯಾನ್ ಮಾಡಿಸಿ ಅದೇ ಮಧ್ಯಾಹ್ನ ಆಪರೇಷನ್ ಕೋಣೆಗೆ ಕರೆದುಕೊಂಡು ಹೋದರು. ಎರಡು ಗಂಟೆ ಹೊತ್ತು ನಾನೂ ಮೈದುನನೂ ಬಾಗಿಲ ಮುಂದೆ ಕೂತಿದ್ದೆವು, ಬೆಂಗಳೂರಿನಿಂದ ಹೊರಟಿದ್ದ ನನ್ನ ಗಂಡ ಇನ್ನೂ ದಾರಿಯಲ್ಲಿದ್ದರು. ಕಣ್ಣಿನ ಕೆಳಗೆ ಮೂಳೆಯೊಳಗೊಂದು ಗೂಡಿದೆಯಂತೆ, ಅದರಿಂದ ನಾಲ್ಕು ತೆಗೆದರು. ಕಣ್ಣಿಗೆ ತೆಳ್ಳನೆಯ ಒಂದು ಪೊರೆಯಷ್ಟು ಮೂಳೆ ಮಾತ್ರ ಅಡ್ಡ ಇತ್ತು, ಮನೆಗೆ ಕಳಿಸಿದ್ದರೆ ಕಣ್ಣು ಕಷ್ಟವಾಗುತ್ತಿತ್ತು ಅಂದರು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಯಾರು ನೋಡಿದರೂ ನೋಡಿಕೊಳ್ಳಲಿ ಎಂದು ಅತ್ತುಬಿಟ್ಟೆ.

ಆಸ್ಪತ್ರೆಯಿಂದ ಅವರನ್ನು ಊರಿಗೆ ಬಿಡದೆ ನಮ್ಮ ಲೈನಿನ ಮನೆಗೆ ಕರೆತಂದೆ. ನಶ್ಯದ ಡಬ್ಬಿಯನ್ನು ನಾನೇ ಚರಂಡಿಗೆ ಎಸೆದೆ. ಅದಕ್ಕೆ ಮಾತ್ರ ಅವರಿಗೆ ಸಿಟ್ಟು ಬಂತು, ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ದೃಷ್ಟಿ ಉಳಿಯಿತು. ಬಲರೆಪ್ಪೆ ಮಾತ್ರ ಇವತ್ತಿಗೂ ಸ್ವಲ್ಪ ಜೋತಿದೆ. ದಾರದ ತುದಿಯನ್ನು ಸೂಜಿಗೆ ಪೋಣಿಸಿಕೊಡಿ ಎಂದು ಬೇಕೆಂದೇ ಕೊಡುತ್ತಿದ್ದೆ, ಕಣ್ಣು ಕಾಣುತ್ತದೋ ಇಲ್ಲವೋ ಎಂಬ ಅಂಜಿಕೆಯಿಂದ. ಅವರು ಒಂದೇ ಸಲಕ್ಕೆ ಪೋಣಿಸುತ್ತಿದ್ದರು. ಆದರೂ ಮಾರನೆಯ ದಿನ ಮತ್ತೆ ಕೊಡುತ್ತಿದ್ದೆ.

ಒಂದು ದಿನ ಅವರನ್ನು ಅಂಗಡಿಗೂ ಕರೆದುಕೊಂಡು ಹೋಗಿ ಮಿಷನ್ ಪಕ್ಕ ಸ್ಟೂಲ್ ಹಾಕಿ ಕೂರಿಸಿಕೊಂಡಿದ್ದೆ. ತಡೆಯಲಾರದೆ ಹೇಳಿಬಿಟ್ಟೆ. "ತಪ್ಪಾಯ್ತು ಅತ್ತೆ. ನೀವು ಮುತ್ತು ಅಂದಿದ್ದು ನಂಗೆ ಬೇರೆ ಥರ ಅರ್ಥ ಆಯ್ತು. ಅದೊಂದು ಮಾತು ನಮ್ಮಿಬ್ಬರನ್ನೂ ಕೆಡಿಸ್ತು."

ಅವರು ನನ್ನ ಕಾಲಿನ ಕಡೆ ನೋಡುತ್ತಿದ್ದರು. ನಾನು ಮಾತಾಡುತ್ತಲೇ ತುಳಿಯುತ್ತಿದ್ದೆ.

"ಮಾತಿಂದೇನೈತಮ್ಮ," ಅಂದರು. "ಅವತ್ತು ನಾನು ಫೋನ್ ಮಾಡಿದ್ದೇ ದೊಡ್ಡಾಸ್ಪತ್ರೆಗೆ ಕರ್ಕಂಡು ಓಗ್ತೀಯಾ ಅಂತ ಕೇಳಾಕೆ. ನಿನ್ ಮಿಷನ್ ಸದ್ದು ಬತ್ತಿತ್ತು. ಕೆಲ್ಸ ಕೆಡ್ಸೋದ್ಯಾಕೆ, ಸದ್ದು ನಿಂತ ಮ್ಯಾಲೆ ಕೇಳಾನ ಅಂತ ಸುಮ್ಕೆ ಕಾಯ್ತಿದ್ದೆ. ಅದು ನಿಲ್ಲೇ ಇಲ್ಲ."

ನಾನು ಕಾಲು ತೆಗೆದೆ. ಚಕ್ರ ತನ್ನಷ್ಟಕ್ಕೆ ಇನ್ನೆರಡು ಸುತ್ತು ಸುತ್ತಿ ನಿಂತಿತು. "ಈಗ ಯೋಳಿ ಅತ್ತೆ," ಅಂದೆ. ಅವರು ಊರಿಗೆ ಹೋಗಬೇಕು, ಕುರಿಗಳನ್ನು ನೋಡಬೇಕು ಅಂದರು.